ಪರದೇಶದಲ್ಲಿ ಮನೆ ಮಾಡಿದ ಕಿಟೆಲ್ ಅಯ್ಯನವರು

ಕಿಟೆಲ್ ಎಂಬ ಹೆಸರನ್ನು ನಮ್ಮ ಧಾರವಾಡ ಸೀಮೆಯ ಸಭೆಗಳಲ್ಲಿ ಕೇಳದವರು ಕಡಿಮೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ಬೆಂಗಳೂರಿನಲ್ಲಿ ಅವರ ಪ್ರತಿಮೆ ಇದೆ. ಕನ್ನಡ ಪಂಡಿತರ ಮೇಜಿನ ಮೇಲೆ ಅವರ ನಿಘಂಟು ಇದೆ. ಆದರೆ ಆ ನಿಘಂಟನ್ನು ಬರೆದ ಮನುಷ್ಯನು ನಮ್ಮ ನಾಡಿನಲ್ಲಿ ಪರದೇಶಿಯಾಗಿ ದಿನಗಳನ್ನು ಹೇಗೆ ಕಳೆದನು, ಯಾರ ಅಪ್ಪಣೆಯಿಂದ ಇಲ್ಲಿ ನೆಲೆಸಿದನು, ಹೇಗೆ ತಿರುಗಾಡಿದನು, ಯಾವ ನೀರು ಕುಡಿದನು, ಹೆಂಡತಿ ಮಕ್ಕಳ ಗತಿ ಏನಾಯಿತು ಎಂಬದನ್ನು ವಿಚಾರಿಸುವವರು ಸ್ವಲ್ಪ. ಈಗ ನಮ್ಮ ಹಳ್ಳಿಗಳ ಯೌವನಸ್ಥರು ಸಹ ಹೊಟ್ಟೆಯ ಪಾಡಿಗಾಗಿ ದುಬೈ, ಮಸ್ಕತ್ ಮೊದಲಾದ ಊರುಗಳಿಗೆ ಹೋಗುತ್ತಾರೆ. ಅವರ ತಾಯಂದಿರು ದೂರವಾಣಿಯಲ್ಲಿ ಕೇಳುವ ಪ್ರಶ್ನೆಗಳು ಇವೇ. ಆದದರಿಂದ ಈ ಸಾರಿ ನಾವು ಕಿಟೆಲರ ಪಾಂಡಿತ್ಯವನ್ನು ಸ್ವಲ್ಪ ಬದಿಗಿಟ್ಟು, ಅವರು ಪರದೇಶದಲ್ಲಿ ಮಾಡಿದ ಬಾಳುವೆಯನ್ನೇ ಹೇಳಲಿಕ್ಕೆ ಮನಸ್ಸು ಮಾಡಿದ್ದೇವೆ.

ಫೆರ್ಡಿನಾಂಡ್ ಕಿಟೆಲರು 1832ನೇ ಇಸವಿ ಎಪ್ರಿಲ್ 7ರಂದು ಉತ್ತರ ಸಮುದ್ರದ ದಂಡೆಗೆ ಸಮೀಪವಾದ ಪೂರ್ವ ಫ್ರೀಸಿಯ ಸೀಮೆಯ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ತಂದೆಯು ಅಲ್ಲಿಯ ಸಭೆಯ ಬೋಧಕರು. ಆ ಸೀಮೆಯು ಗುಡ್ಡವಿಲ್ಲದ ಸಪಾಟು ನೆಲ. ಸಮುದ್ರದ ನೀರು ಒಳಗೆ ನುಗ್ಗದಂತೆ ಒಡ್ಡು ಹಾಕಿ ಜನರು ಅಲ್ಲಿ ಬದುಕುತ್ತಾರೆ. ನವಲಗುಂದದ ಎರೆಹೊಲಗಳಲ್ಲಿ ನಿಂತು ದಿಕ್ಕು ನೋಡಿದವರಿಗೆ ಅಂಥ ಸಪಾಟು ನೆಲದ ಕಲ್ಪನೆ ಬಂದೀತು. ಆದರೆ ಅಲ್ಲಿ ಚಳಿ, ಮಂಜು, ಉಪ್ಪುಗಾಳಿ.

ಇಲ್ಲಿ ಒಂದು ವಿಚಿತ್ರವನ್ನು ಹೇಳಬೇಕು. ಕಿಟೆಲರು ಹುಟ್ಟಿದಾಗ ಜರ್ಮನಿ ಎಂಬ ಒಂದು ರಾಜ್ಯವೇ ಇರಲಿಲ್ಲ. ಪೂರ್ವ ಫ್ರೀಸಿಯವು ಹಾನೋವರ್ ರಾಜ್ಯಕ್ಕೆ ಸೇರಿತ್ತು. ಆ ಹಾನೋವರಿನ ಅರಸನೂ ಇಂಗ್ಲೆಂಡಿನ ಅರಸನೂ 1837ನೇ ಇಸವಿಯ ವರೆಗೆ ಒಬ್ಬನೇ ಆಗಿದ್ದನು. ಅಂದರೆ ಕಿಟೆಲರು ಶಿಶುವಾಗಿದ್ದಾಗ ಇಂಗ್ಲೆಂಡಿನ ದೊರೆಯ ಪ್ರಜೆಗಳೂ, ಬೆಳೆದಾಗ ಅವನಿಗೆ ಪರಕೀಯರೂ ಆದರು. 1866ರಲ್ಲಿ ಹಾನೋವರ್ ರಾಜ್ಯವು ಪ್ರಷ್ಯದವರ ಕೈಗೆ ಸೇರಿ ಇಲ್ಲದೆ ಹೋಯಿತು. 1871ರಲ್ಲಿ ಜರ್ಮನ್ ಸಾಮ್ರಾಜ್ಯವು ಹುಟ್ಟಿತು. ತಾನು ಬಿಟ್ಟುಬಂದ ರಾಜ್ಯವು ಭೂಪಟದಿಂದಲೇ ಅಳಿದುಹೋದರೆ ಪರದೇಶಿಯು ತನ್ನ ದೇಶ ಯಾವದೆಂದು ಹೇಳಬೇಕು?

1850ನೇ ಇಸವಿಯಲ್ಲಿ ಕಿಟೆಲರು ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದಲ್ಲಿರುವ ಮಿಶನ್ ಶಾಲೆಗೆ ಸೇರಿದರು. ಭಾಷೆಗಳನ್ನು ಕಲಿಯುವದರಲ್ಲಿ ಅವರ ಬುದ್ಧಿ ತೀಕ್ಷ್ಣವಾಗಿತ್ತು. ಇಬ್ರಿಯ, ಗ್ರೀಕ್, ಲ್ಯಾಟಿನ್ ಭಾಷೆಗಳಲ್ಲಿ ಪರಿಶ್ರಮವಿತ್ತು. 1853ರಲ್ಲಿ, ಅಂದರೆ 21ನೇ ವಯಸ್ಸಿನಲ್ಲಿ, ಅವರನ್ನು ಹಿಂದುಸ್ಥಾನಕ್ಕೆ ಕಳುಹಿಸಿದರು. ಆಗ ಸುಯೇಜ್ ಕಾಲುವೆ ಇರಲಿಲ್ಲ. ಅದು ತೆರೆದದ್ದು 1869ರಲ್ಲಿ. ಆ ಕಾಲದ ಪ್ರಯಾಣಿಕರು ಆಫ್ರಿಕಾ ಖಂಡವನ್ನೆಲ್ಲಾ ಸುತ್ತಿ ತಿಂಗಳುಗಟ್ಟಲೆ ಹಡಗಿನಲ್ಲಿ ಇರಬೇಕಾಗಿತ್ತು, ಇಲ್ಲವೆ ಐಗುಪ್ತ ದೇಶದಲ್ಲಿ ಇಳಿದು ನೆಲದ ದಾರಿಯನ್ನು ದಾಟಿ ಸುಯೇಜಿನಲ್ಲಿ ಮತ್ತೊಂದು ಹಡಗನ್ನು ಹತ್ತಬೇಕಾಗಿತ್ತು.

ಪರದೇಶದಲ್ಲಿ ವಾಸಿಸುವವನಿಗೆ ಮೊದಲನೇ ಪ್ರಶ್ನೆಯು ಅಪ್ಪಣೆಯದು. ಈಗ ವೀಸಾ ಎಂದು ಕರೆಯುವದು ಆಗ ಬೇರೆ ರೂಪದಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಯವರು ತಮ್ಮ ಲೈಸೆನ್ಸಿಲ್ಲದೆ ಯೂರೋಪಿನ ಯಾವನನ್ನೂ ಇಲ್ಲಿ ನೆಲೆಸಗೊಡಿಸುತ್ತಿರಲಿಲ್ಲ. ಇಂಗ್ಲಿಷರಲ್ಲದವರಿಗಂತೂ ಬಾಗಿಲು ಮುಚ್ಚಿದಂತೆಯೇ ಇತ್ತು. 1833ನೇ ಇಸವಿಯ ಶಾಸನದಿಂದ ಆ ಬಾಗಿಲು ತೆರೆಯಿತು. ಮರುವರ್ಷವೇ, 1834ರಲ್ಲಿ, ಬಾಸೆಲಿನವರು ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ 1841ರಲ್ಲಿ ಗದಗಿನ ಬೆಟಗೇರಿಯಲ್ಲಿಯೂ ಅವರ ಮನೆಗಳು ಎದ್ದವು. ಕಿಟೆಲರು ಬಂದಾಗ ಈ ಠಾಣ್ಯಗಳು ಇನ್ನೂ ಎಳೆಯವಾಗಿದ್ದವು. ಅವರ ಸೇವೆಯ ಮೊದಲಿನ ವರ್ಷಗಳು ನಮ್ಮ ಹುಬ್ಬಳ್ಳಿ ಧಾರವಾಡಗಳ ಕಡೆಯಲ್ಲಿ ಕಳೆದವು.

ಸರಕಾರದ ಅಪ್ಪಣೆ ದೊರೆತರೂ ಊರವರ ಅಪ್ಪಣೆ ಬೇರೆ. ಬಿಳೀ ಮನುಷ್ಯನೊಬ್ಬನು ಊರ ಅಗಸೆಯೊಳಗೆ ಕಾಲಿಟ್ಟರೆ ಅವನು ಸರಕಾರದವನು, ಕಂದಾಯ ಹೆಚ್ಚಿಸಲಿಕ್ಕೆ ಬಂದವನು ಎಂದೇ ಜನರು ತಿಳಿಯುವರು. ಅವನು ಹಾನೋವರಿನವನು, ಬಾಸೆಲಿನಿಂದ ಬಂದವನು, ಕಂಪನಿಗೂ ತನಗೂ ಸಂಬಂಧವಿಲ್ಲ ಎಂದರೆ ಯಾರು ನಂಬುವರು? ಜಾತಿ ಯಾವದು, ಯಾರ ಕಡೆಯವನು ಎಂಬದೇ ಮೊದಲಿನ ವಿಚಾರಣೆ. ಅದೂ ಅಲ್ಲದೆ ಸೀಮೆಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಧಾರವಾಡ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿತ್ತು. ಆದರೆ ಕುಂದಗೋಳವು ಜಮಖಂಡಿ ಸಂಸ್ಥಾನದ್ದು. ಹುಬ್ಬಳ್ಳಿಯಿಂದ ಅರ್ಧ ದಿನ ನಡೆದರೆ ಬೇರೊಬ್ಬ ಅರಸನ ಆಳಿಕೆ! ನರಗುಂದಕ್ಕೂ ಬೇರೆ ಅರಸನಿದ್ದನು. ಅಲ್ಲಿಯ ಬಾಬಾಸಾಹೇಬನು 1858ರಲ್ಲಿ ಕಂಪನಿಯವರ ಮೇಲೆ ಎದ್ದಾಗ ಈ ಸೀಮೆಯಲ್ಲಿದ್ದ ಬಿಳಿಯರಿಗೆಲ್ಲಾ ಜೀವದ ಹೆದರಿಕೆಯು ಉಂಟಾಯಿತು. ಇಂಗ್ಲಿಷನೋ ಜರ್ಮನನೋ ಎಂದು ಅಂಥ ವೇಳೆಯಲ್ಲಿ ಯಾರೂ ನಿಲ್ಲಿಸಿ ಕೇಳುವದಿಲ್ಲ.

ಇನ್ನು ತಿರುಗಾಟದ ಸಂಗತಿ. ಕಿಟೆಲರ ಮೊದಲಿನ ವರ್ಷಗಳ ದೊಡ್ಡ ತಕರಾರೇ ಇದರಿಂದ ಹುಟ್ಟಿತು. ಹುಬ್ಬಳ್ಳಿಯಿಂದ ಅಣ್ಣಿಗೇರಿಗೆ ಸುಮಾರು 35 ಕಿಲೋಮೀಟರು. ನವಲಗುಂದವೂ ಹೆಚ್ಚು ಕಡಿಮೆ ಅಷ್ಟೇ ದೂರ. ಆಗ ರೈಲಿಲ್ಲ, ಅದು 1880ರ ಮೇಲೆ ಬಂದದ್ದು. ಬೇಸಿಗೆಯಲ್ಲಿ ಎರೆಭೂಮಿಯು ಅಂಗೈ ಅಗಲ ಬಿರುಕು ಬಿಟ್ಟು ಒಣಗುವದು. ಮಳೆ ಬಿದ್ದರೆ ಅದೇ ಮಣ್ಣು ಕಾಲಿಗೆ ಸೇರುಗಟ್ಟಲೆ ಹತ್ತಿಕೊಂಡು ಒಂದು ಹೆಜ್ಜೆ ಎತ್ತಿದರೆ ಇನ್ನೊಂದು ಹೂಳುವದು. ಬೆಣ್ಣೆಹಳ್ಳಕ್ಕೆ ನೀರು ಬಂದರೆ ಈ ದಂಡೆಯವರು ಈ ದಂಡೆಯಲ್ಲಿ, ಆ ದಂಡೆಯವರು ಆ ದಂಡೆಯಲ್ಲಿ. ಪಡುವಲಲ್ಲಿ ಕಲಘಟಗಿಯ ಕಡೆಗೆ ಹೋದರೆ ಅರೆಮಲೆನಾಡು, ಜಿಟಿಜಿಟಿ ಮಳೆ, ಚಳಿಜ್ವರ. ಇಂಥ ದಾರಿಗಳಲ್ಲಿ ಸುವಾರ್ತೆ ಸಾರಲಿಕ್ಕೆ ಹೋಗುವ ಯೂರೋಪಿಯನರು ಕುದುರೆಯ ಮೇಲೆ ಹೋಗುವದು ರೂಢಿಯಾಗಿತ್ತು. ಜೊತೆಗೆ ಡೇರೆಯನ್ನೂ ಅಡಿಗೆಯ ಪಾತ್ರೆಗಳನ್ನೂ ಹೊತ್ತ ಚಕ್ಕಡಿ ಹೋಗುವದು. ಕಿಟೆಲರು ಕುದುರೆಯನ್ನು ಬೇಡವೆಂದು ನಡೆದೇ ಹೋಗಲು ಮನಸ್ಸು ಮಾಡಿದರು.

ಇದು ಹುಡುಗಾಟವಲ್ಲ. ನಮ್ಮ ರೈತನು ನಡೆದು ಹೋಗುತ್ತಾನೆ. ಕುದುರೆಯ ಮೇಲೆ ಕೂತವನು ದೇಸಾಯಿ, ಮಾಮಲೇದಾರ, ಇಲ್ಲವೆ ಕಲೆಕ್ಟರ. ಮೇಲೆ ಕೂತವನ ಮಾತನ್ನು ಕೆಳಗೆ ನಿಂತವನು ಕೈಕಟ್ಟಿಕೊಂಡು ಕೇಳುವನು, ಹೌದು ಎನ್ನುವನು, ಮನೆಗೆ ಹೋಗಿ ಮರೆಯುವನು. ಸಂಗಡ ನಡೆಯುವವನ ಕೂಡ ಮಾತ್ರ ಅವನು ಮಳೆಯ ಮಾತು, ಸಾಲದ ಮಾತು, ಮಗಳ ಮದುವೆಯ ಮಾತು ಆಡುವನು. ಅಪೊಸ್ತಲನಾದ ಪೌಲನು ಪರಜನರ ನಡುವೆ ನಡೆದುಕೊಂಡ ರೀತಿಯನ್ನು ಓದಿದ ಈ ಯೌವನಸ್ಥರು ಹಿಂದುಸ್ಥಾನದವರಿಗೆ ಹಿಂದುಸ್ಥಾನದವನೇ ಆಗಬೇಕೆಂದು ಬಯಸಿದರು. ಜನರ ಹತ್ತಿರದಲ್ಲಿ ಬಾಳಬೇಕು, ಅವರ ಮಾತನ್ನು ಅವರ ಬಾಯಿಂದಲೇ ಕಲಿಯಬೇಕು, ಬಂಗಲೆಯ ಸುಖವನ್ನು ಕಡಿಮೆ ಮಾಡಬೇಕು ಎಂಬದೇ ಅವರ ಹಟ.

ಸಂಗಡಿಗರಾದ ಹಿರಿಯ ಬೋಧಕರಿಗೆ ಇದು ಸರಿಬೀಳಲಿಲ್ಲ. ಒಬ್ಬನು ಕಾಲ್ನಡೆಯಿಂದ ಹೋದರೆ ಕುದುರೆಯ ಮೇಲೆ ಹೋಗುವ ಮಿಕ್ಕವರು ಜನರ ಕಣ್ಣಿಗೆ ಸುಖಪುರುಷರಾಗಿ ಕಾಣರೇ? ಯೂರೋಪಿಯನನ ಮರ್ಯಾದೆ ಏನಾಗಬೇಕು? ಆರೋಗ್ಯ ಕೆಟ್ಟರೆ ಯಾರು ಹೊಣೆ? ದೂರುಗಳು ಬಾಸೆಲಿನ ವರೆಗೂ ಹೋದವು. ನಾವು ಈ ಹಿರಿಯರನ್ನು ಕಲ್ಲುಮನಸ್ಸಿನವರೆಂದು ಹಳಿಯುವದಿಲ್ಲ. ಬಾಸೆಲಿನವರು 1828ರಿಂದ ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟಿಗೆ ಕಳುಹಿಸಿದ ಮೊದಲಿನವರಲ್ಲಿ ಬಹುಮಂದಿ ಜ್ವರದಿಂದ ಬೇಗನೆ ಸತ್ತಿದ್ದರು. ಆ ಸಮಾಧಿಗಳ ನೆನಪು ಕಮಿಟಿಯವರಿಗೆ ಹಸಿಯಾಗಿತ್ತು. ಆದರೂ ದೂರಿನಲ್ಲಿ ಆರೋಗ್ಯದ ಚಿಂತೆ ಎಷ್ಟು, ಮರ್ಯಾದೆಯ ಚಿಂತೆ ಎಷ್ಟು ಎಂದು ತೂಗಿದರೆ ಎರಡನೇ ತಟ್ಟೆಯು ಕೆಳಗಾಗುವದೆಂದು ನಮಗೆ ತೋರುತ್ತದೆ. ಅಂತೂ ಕಿಟೆಲರು ತಮ್ಮವರೊಳಗೇ ಒಂಟಿಯಾದರು. ಊರವರಿಗೆ ಅವರು ಬಿಳಿಯರು. ಬಿಳಿಯರಿಗೆ ಅವರು ಮಿತಿಮೀರಿದವರು. ಕೆಲವು ವರ್ಷಗಳ ನಂತರ ಅವರ ಕೆಲಸವು ಈ ಸೀಮೆಯಿಂದ ಮಂಗಳೂರಿಗೆ ಸಾಗಿತು. ಹಳ್ಳಿಯ ದಾರಿಗಳನ್ನು ಬಿಟ್ಟು ಪುಸ್ತಕ ಮತ್ತು ಅಚ್ಚಿನ ಕೆಲಸಕ್ಕೆ ಕೂಡ್ರಬೇಕಾಯಿತು.

ನೀರು ಅನ್ನಗಳ ವಿಷಯದಲ್ಲಿಯೂ ಎರಡು ಮಾತು ಹೇಳಬೇಕು. ಹೊಸದಾಗಿ ಬಂದ ಯೂರೋಪಿಯನನನ್ನು ಕೊಲ್ಲುತ್ತಿದ್ದದ್ದು ಹೆಚ್ಚಾಗಿ ಬಿಸಿಲಲ್ಲ, ನೀರು. ನಮ್ಮ ಬಯಲುಸೀಮೆಯಲ್ಲಿ ಬಾವಿಯ ನೀರು ಸವಳು. ಊರವರು ಕೆರೆಯ ನೀರನ್ನೇ ಕುಡಿಯುವರು. ವಾಂತಿಭೇದಿಯು ನೀರಿನಿಂದ ಹರಡುತ್ತದೆಂಬದನ್ನು ಲಂಡನಿನ ವೈದ್ಯರಾದ ಜಾನ್ ಸ್ನೋ ಎಂಬವರು 1854ರಲ್ಲಿ ತೋರಿಸಿಕೊಟ್ಟರು, ಅಂದರೆ ಕಿಟೆಲರು ಇಲ್ಲಿಗೆ ಬಂದ ಮರುವರ್ಷ. ಅದನ್ನು ಲೋಕವು ಒಪ್ಪಲಿಕ್ಕೆ ಇನ್ನೂ ಬಹಳ ವರ್ಷ ಹಿಡಿಯಿತು. ಅಷ್ಟರವರೆಗೆ ಬಿಳಿಯರು ಬಿಸಿಲಿಗೆ ಹೆದರಿ ದಪ್ಪ ಟೋಪಿ ಹಾಕಿಕೊಂಡು ಕೆಟ್ಟ ನೀರನ್ನು ನಿಶ್ಚಿಂತೆಯಿಂದ ಕುಡಿದರು. ಅದಲ್ಲದೆ ನೀರನ್ನು ಸೇದುವವರು ಯಾರು? ಪರದೇಶಿಯು ಊರ ಬಾವಿಗೆ ಹಗ್ಗ ಬಿಟ್ಟರೆ ಬಾವಿ ಮೈಲಿಗೆಯಾಯಿತೆಂದು ಗದ್ದಲವಾಗುವದು. ಬಾಯಾರಿ ಬಂದವನಿಗೆ ಬೆಲ್ಲ ನೀರು ಕೊಡುವದು ನಮ್ಮ ಸೀಮೆಯ ಧರ್ಮ; ಆದರೆ ಜಾತಿ ತಿಳಿಯದವನಿಗೆ ತಂಬಿಗೆಯನ್ನು ಕೈಗೆ ಕೊಡದೆ ಮೇಲಿನಿಂದ ಬೊಗಸೆಗೆ ಸುರಿಯುವರು.

ಬೊಗಸೆಯಲ್ಲಿ ನೀರು ಕುಡಿಯುವದೆಂದರೇನು ಎಂದು ನಮ್ಮ ಸಭೆಗಳ ಹಿರಿಯರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಕಿಟೆಲರ ಕಾಲದಲ್ಲಿ ದೀಕ್ಷಾಸ್ನಾನ ಹೊಂದಿದವನು ಹುಟ್ಟಿದ ಊರಿನಲ್ಲಿಯೇ ಪರದೇಶಿಯಾಗುತ್ತಿದ್ದನು. ಮನೆಯಿಂದ ಹೊರಗೆ, ಬಾವಿಯಿಂದ ಹೊರಗೆ, ಕುಲಕಸಬಿನಿಂದಲೂ ಹೊರಗೆ. ಅಂಥವರಿಗೆ ಅನ್ನದ ದಾರಿಯಾಗಬೇಕೆಂದೇ ಬಾಸೆಲಿನವರು ನೇಯಿಗೆಯ ಕಾರಖಾನೆಗಳನ್ನು ನಡಿಸಿದರು, 1865ರಿಂದ ಮಂಗಳೂರಿನಲ್ಲಿ ಹಂಚಿನ ಕಾರಖಾನೆಯನ್ನೂ ನಡಿಸಿದರು. ಕಿಟೆಲರಾದರೋ ಬಯಸಿ ಪರದೇಶಿಯಾದವರು, ಮನಸ್ಸು ಬಂದರೆ ಹಡಗು ಹತ್ತಬಹುದಾಗಿತ್ತು. ನಮ್ಮ ಮುತ್ತಜ್ಜಂದಿರಿಗೆ ಹತ್ತಲಿಕ್ಕೆ ಹಡಗು ಇರಲಿಲ್ಲ. ಈ ಭೇದವನ್ನು ಮರೆತು ಅವರ ತ್ಯಾಗವನ್ನು ಮಾತ್ರ ಹೊಗಳುವದು ನಮಗೆ ನ್ಯಾಯವಾಗಿ ಕಾಣುವದಿಲ್ಲ.

ಈಗ ಭಾಷೆ. ಪರದೇಶದಲ್ಲಿ ಅಕ್ಕಿ ಉಪ್ಪು ಕೊಳ್ಳಲಿಕ್ಕೆ ನೂರು ಮಾತು ಸಾಕು. ಆದರೆ ಒಬ್ಬನ ದುಃಖ ತಿಳಿಯಲಿಕ್ಕೆ ಸಾವಿರವೂ ಸಾಲವು. ಕಿಟೆಲರು ಬಂದಾಗ ಧಾರವಾಡ ಜಿಲ್ಲೆಯ ಕಚೇರಿಗಳಲ್ಲಿ ಮರಾಠಿಯ ಬಲವೇ ಹೆಚ್ಚು. ಈ ಸೀಮೆಯ ಹೆಸರೇ ಸರಕಾರದ ಬಾಯಿಯಲ್ಲಿ ದಕ್ಷಿಣ ಮಹಾರಾಷ್ಟ್ರ ಎಂದಿತ್ತು. ಪರದೇಶಿಗೆ ಬರಿಯ ಲಾಭ ಬೇಕಾಗಿದ್ದರೆ ಮರಾಠಿಯನ್ನು ಕಲಿಯಬಹುದಾಗಿತ್ತು. ಹೊಲದಲ್ಲಿ, ಸಂತೆಯಲ್ಲಿ, ತೊಟ್ಟಿಲ ಬಳಿಯಲ್ಲಿ ಕೇಳುವ ಮಾತು ಯಾವದೋ ಅದೇ ಅವರಿಗೆ ಬೇಕಾಗಿತ್ತು. ಆದರೆ ಅಲ್ಲಿಯೂ ಒಂದು ತೊಡಕು. ಮುನಷಿಯು ಕಲಿಸುವದು ಓಲೆಗರಿಯ ಕನ್ನಡ, ಸಂತೆಯವರು ಆಡುವದು ಬೇರೆ. ಹೇಗೆ ಎಂದು ಕಲಿತವನಿಗೆ ಹ್ಯಾಂಗ ಎಂದು ಕೇಳಿಸುವದು. ಎಲ್ಲರನ್ನೂ ನೀವು ಎಂದು ಕರೆಯಬೇಕೆಂದು ಮುನಷಿಯು ಹೇಳಿರುವನು. ಹೊರಗೆ ಬಂದರೆ ಮಗನು ತಾಯಿಯನ್ನೇ ಎವ್ವಾ, ನೀ ಉಂಡೀ ಏನು ಎನ್ನುತ್ತಿರುವನು. ಜರ್ಮನ್ ಭಾಷೆಯಲ್ಲಿ ಸಹ ನೀನು ನೀವು ಎಂಬ ಎರಡು ಬಗೆ ಇರುವದರಿಂದ ಇಂಗ್ಲಿಷನಿಗಿಂತ ಜರ್ಮನನಿಗೆ ಈ ಸೂಕ್ಷ್ಮವು ಬೇಗನೆ ಹಿಡಿಯುವದು. ಳಕಾರ ಣಕಾರಗಳು ಮಾತ್ರ ಇಬ್ಬರ ನಾಲಿಗೆಗೂ ಒಗ್ಗವು.

ಕಿಟೆಲರು ಎರಡು ಕನ್ನಡಗಳನ್ನೂ ಹಿಡಿದರು. 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಕಟ್ಟಿ ಕಥಾಮಾಲೆ ಎಂಬ ಹೆಸರಿನಿಂದ ಅಚ್ಚಿಗೆ ಕೊಟ್ಟರು. ಓದು ಬಾರದ ಜನರು ಪುರಾಣವನ್ನು ಹಾಡಿಕೆಯಿಂದ ಕೇಳುವವರಲ್ಲವೇ? ಜರ್ಮನ್ ರಾಗದಿಂದ ಅವರ ಕಿವಿ ತೆರೆಯದು ಎಂದು ತಿಳಿದವರ ಕೆಲಸವಿದು. ಹಿಂದಿನವರ ಕಾವ್ಯಗಳನ್ನೂ ವ್ಯಾಕರಣಗಳನ್ನೂ ಓಲೆಗಳಿಂದ ಓದಿ, 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಪ್ರಕಟಿಸಿದರು. ಪಂಪನ ನಾಡೆಂದು ಹೆಮ್ಮೆಪಡುವ ಅಣ್ಣಿಗೇರಿಯವರಿಗೂ ಆ ಕಾಲದಲ್ಲಿ ಹಳಗನ್ನಡವು ಗಂಟಿನಲ್ಲಿ ಕಟ್ಟಿಟ್ಟ ವಸ್ತುವಾಗಿತ್ತು. ಅದನ್ನು ಬಿಚ್ಚಿದವರಲ್ಲಿ ಉತ್ತರ ಸಮುದ್ರದ ದಂಡೆಯವನೊಬ್ಬನು ಇದ್ದನು.

ಮನೆಯ ಸಂಗತಿಗೆ ಬರೋಣ. ಬಾಸೆಲ್ ಮಿಶನಿನ ನಿಯಮವು ಕಠಿಣವಾಗಿತ್ತು. ಅವಿವಾಹಿತನಾಗಿ ಬರಬೇಕು, ಪರದೇಶದಲ್ಲಿ ಎರಡು ವರ್ಷವಾದರೂ ಸೇವೆ ಮಾಡಿದ ಮೇಲೆ ಮದುವೆಗೆ ಅಪ್ಪಣೆ ಬೇಡಬೇಕು, ಹುಡುಗಿಯನ್ನು ಕಮಿಟಿಯವರು ಒಪ್ಪಬೇಕು. ಆಮೇಲೆ ಅವಳು ಸಮುದ್ರ ದಾಟಿ ಬರುವಳು. ಎಷ್ಟೋ ಮದುವೆಗಳಲ್ಲಿ ವಧೂವರರು ಒಬ್ಬರ ಮೋರೆಯನ್ನೊಬ್ಬರು ಮೊದಲು ನೋಡಿದ್ದು ಬಂದರದಲ್ಲಿಯೇ! ಇದನ್ನು ಓದಿ ನಮ್ಮ ಅಕ್ಕ ತಂಗಿಯರು ನಗಬಹುದು. ಹಿರಿಯರು ಗೊತ್ತುಮಾಡಿದ ಮದುವೆ ಹಿಂದುಸ್ಥಾನದಲ್ಲಿ ಮಾತ್ರ ಉಂಟೆಂದು ಹೇಳುವವರಿಗೆ ಇದು ಉತ್ತರ. ಕಿಟೆಲರು ಬಂದು ಏಳು ವರ್ಷಗಳಾದ ಮೇಲೆ, 1860ರಲ್ಲಿ, ಪೌಲೀನ ಐತ್ ಎಂಬವರನ್ನು ಮದುವೆಯಾದರು. ನಾಲ್ಕಾರು ವರ್ಷಗಳೊಳಗೆ ಆಕೆ ತೀರಿಹೋದರು. 1867ರಲ್ಲಿ ಆಕೆಯ ಒಡಹುಟ್ಟಿದವಳಾದ ಜೂಲಿಯವರು ಕಿಟೆಲರನ್ನು ವರಿಸಿದರು. ಅಕ್ಕತಂಗಿಯರಲ್ಲಿ ಒಬ್ಬಳನ್ನು ನುಂಗಿದ ದೇಶಕ್ಕೆ ಮತ್ತೊಬ್ಬಳು ಬರುವದೆಂದರೆ ಸಣ್ಣ ಧೈರ್ಯವಲ್ಲ. ನಿಘಂಟಿನ ಮೇಲೆ ಆಕೆಯ ಹೆಸರಿಲ್ಲ. ಆದರೆ ಅಷ್ಟು ವರ್ಷ ಒಬ್ಬನು ಕಾಗದದ ಮುಂದೆ ಕೂತರೆ ಒಲೆ, ಮಕ್ಕಳು, ಜ್ವರ, ಅತಿಥಿಗಳು ಇವನ್ನೆಲ್ಲಾ ನೋಡಿದ ಕೈ ಯಾವದೆಂದು ತಿಳಿಯಲಿಕ್ಕೆ ಪಾಂಡಿತ್ಯವು ಬೇಡ.

ಪರದೇಶವಾಸದಲ್ಲಿ ಅತ್ಯಂತ ಕಹಿಯಾದದ್ದು ಮಕ್ಕಳ ಪ್ರಶ್ನೆ. ಕಿಟೆಲರು ಹಡಗು ಹತ್ತಿದ ಸುಮಾರಿಗೇ ಬಾಸೆಲಿನಲ್ಲಿ ಮಿಶನರಿಗಳ ಮಕ್ಕಳಿಗಾಗಿ ಒಂದು ಮನೆಯು ಏರ್ಪಾಡಾಯಿತು. ಶಾಲೆಗೆ ಹೋಗುವ ವಯಸ್ಸು ಬಂದ ಮಕ್ಕಳನ್ನು ತಂದೆತಾಯಿಗಳು ಅಲ್ಲಿಗೆ ಕಳುಹಿಸಬೇಕೆಂದು ಕಟ್ಟಳೆ. ಆರೇಳು ವರ್ಷದ ಕೂಸು ಹಡಗು ಹತ್ತಿದರೆ ಮತ್ತೆ ತಾಯಿಯನ್ನು ಕಾಣುವದು ಹತ್ತು ವರ್ಷಗಳ ಮೇಲೆ. ಒಮ್ಮೊಮ್ಮೆ ಅದೂ ಇಲ್ಲ. ನಡುವೆ ಇರುವದು ಪತ್ರ. 1854ರಲ್ಲಿ ಈ ದೇಶದಲ್ಲಿ ಅರ್ಧ ಆಣೆಯ ಅಂಚೆ ಚೀಟಿ ಬಂದು ಒಳನಾಡಿನ ಟಪಾಲು ಅಗ್ಗವಾಯಿತು; ಸಮುದ್ರ ದಾಟುವ ಪತ್ರಕ್ಕೆ ಮಾತ್ರ ವಾರಗಟ್ಟಲೆ ಕಾಯಬೇಕು. ಕೂಸಿಗೆ ಜ್ವರವೆಂದು ಓದುವ ಹೊತ್ತಿಗೆ ಕೂಸು ಗುಣವಾಗಿಯೋ ಮಣ್ಣಾಗಿಯೋ ಇರುವದು. ಈ ಕಟ್ಟಳೆಯು ಹೆತ್ತವರ ಮೇಲೆ ಎಷ್ಟು ಭಾರವಾಗಿತ್ತೋ ಅದಕ್ಕಿಂತ ಮಕ್ಕಳ ಮೇಲೆ ಹೆಚ್ಚು ಭಾರವಾಗಿತ್ತೆಂದು ನಮ್ಮ ಅಭಿಪ್ರಾಯ. ಹೆತ್ತವರಿಗೆ ಕಾರಣವಾದರೂ ತಿಳಿದಿತ್ತು.

ಈ ಎಲ್ಲಾ ಹಗ್ಗಜಗ್ಗಾಟದ ನಡುವೆ ನಿಘಂಟಿನ ಕೆಲಸವು ಸಾಗಿತು. ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ ಎಂಬವರ ಕನ್ನಡ ಇಂಗ್ಲಿಷ್ ನಿಘಂಟು 1832ರಲ್ಲಿ, ಕಿಟೆಲರು ಹುಟ್ಟಿದ ವರ್ಷವೇ, ಹೊರಟಿತ್ತು. ಅದು ಸಾಲದೆ ಹೋಗಿತ್ತು. ಕಿಟೆಲರು ಎರಡು ದಶಕಗಳಷ್ಟು ಕಾಲ ಈ ಕೆಲಸದಲ್ಲಿ ಮುಳುಗಿದರು. ಮಂಗಳೂರು, ಮಡಿಕೇರಿ, ಧಾರವಾಡಗಳಲ್ಲಿ ವಾಸ ಮಾಡಿದರು, ನಡುವೆ ಕೆಲವು ವರ್ಷ ಜರ್ಮನಿಯಲ್ಲಿದ್ದು ತಿರಿಗಿ ಬಂದರು. ಕನ್ನಡ ನಾಡು ಆಗ ಮುಂಬಯಿ, ಮದ್ರಾಸು, ಮೈಸೂರು, ಕೊಡಗು, ನಿಜಾಮ, ಸಣ್ಣ ಸಂಸ್ಥಾನಗಳೆಂದು ಹರಿದು ಹಂಚಿಹೋಗಿತ್ತು. ಮಂಗಳೂರಿನವನಿಗೆ ಧಾರವಾಡದವನ ಮಾತು ತಿಳಿಯದು. ಒಂದು ಸೀಮೆಯಿಂದ ಇನ್ನೊಂದಕ್ಕೆ ವರ್ಗವಾಗುತ್ತಾ ಹೋದ ಪರದೇಶಿಗೆ ಮಾತ್ರ ಎಲ್ಲಾ ಸೀಮೆಗಳ ಮಾತು ಕಿವಿಗೆ ಬಿತ್ತು. ಯೌವನದಲ್ಲಿ ಅವರಿಗೆ ಶಿಕ್ಷೆಯಂತಿದ್ದ ವರ್ಗಾವಣೆಯೇ ಹೀಗೆ ಕೆಲಸಕ್ಕೆ ಬಂದಿತು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಆ ಗ್ರಂಥವು ಹೊರಬಿತ್ತು. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಶಬ್ದಗಳು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಇವೆಲ್ಲವುಗಳಿಂದ ಶಬ್ದಗಳಿಗೆ ಆಧಾರ ಕೊಟ್ಟಿದ್ದಾರೆ. ಸಂಸ್ಕೃತದಿಂದ ಬಂದ ಮಾತು ಯಾವದು, ಕನ್ನಡದ ಸ್ವಂತ ಮಾತು ಯಾವದು ಎಂದು ಬೇರ್ಪಡಿಸಿ, ತಮಿಳು ತೆಲುಗು ಮಲೆಯಾಳ ತುಳುಗಳಲ್ಲಿ ಅದರ ಅಕ್ಕತಂಗಿಯರನ್ನು ಹುಡುಕಿ ಪಕ್ಕದಲ್ಲಿ ನಿಲ್ಲಿಸಿದ್ದಾರೆ. ಪಂಡಿತರು ಇದನ್ನೇ ಹೊಗಳುತ್ತಾರೆ, ಹೊಗಳತಕ್ಕದ್ದೇ. ಆದರೆ ಹಳ್ಳಿಯವರಾದ ನಮಗೆ ಬೇರೊಂದು ಸಂತೋಷವಿದೆ. ಆ ಗ್ರಂಥದಲ್ಲಿ ಮೇಲಿಂದ ಮೇಲೆ ಗಾದೆಗಳು ಬರುತ್ತವೆ. ಪುಸ್ತಕ ಓದದ ಮುದುಕಿಯರ ಬಾಯಲ್ಲಿ ಇದ್ದವುಗಳು. ಅಲ್ಲದೆ ಅನೇಕ ಶಬ್ದಗಳ ಪಕ್ಕದಲ್ಲಿ ದಕ್ಷಿಣ ಮಹಾರಾಷ್ಟ್ರದ್ದು ಎಂದು ತೋರಿಸುವ ಒಂದು ಸಂಕ್ಷೇಪ ಗುರುತು ಇದೆ. ಅಂದರೆ ಮೈಸೂರಿನವರು ಆಡುವದಿಲ್ಲ, ಮಂಗಳೂರಿನವರು ಆಡುವದಿಲ್ಲ, ಇದು ಧಾರವಾಡದ ಕಡೆಯವರ ಮಾತು ಎಂದರ್ಥ. ಕುದುರೆ ಇಲ್ಲದೆ ನಡೆದ ಹುಡುಗನ ಕಿವಿಯನ್ನು ಅಲ್ಲಿ ಕಾಣಬಹುದು.

ಗ್ರಂಥವು ಅಚ್ಚಾಗಿ ಕೈಗೆ ಬಂದಾಗ ಕಿಟೆಲರು ಮಂಗಳೂರಿನಲ್ಲಿ ಇರಲಿಲ್ಲ. 1892ರಲ್ಲಿ ಅವರು ಈ ದೇಶವನ್ನು ಕಡೆಯ ಸಾರಿ ಬಿಟ್ಟು ಜರ್ಮನಿಗೆ ಹೋಗಿದ್ದರು. ಮುನ್ನುಡಿಯ ಕೆಳಗೆ ಟ್ಯೂಬಿಂಗನ್ ಎಂಬ ಊರಿನ ಹೆಸರಿದೆ. 1896ರಲ್ಲಿ ಆ ಊರಿನ ವಿಶ್ವವಿದ್ಯಾಲಯವು ಅವರಿಗೆ ಗೌರವದ ಡಾಕ್ಟರ್ ಪದವಿಯನ್ನು ಕೊಟ್ಟಿತು. ಪದವಿ ಕೊಟ್ಟವರಲ್ಲಿ ಕನ್ನಡದ ಒಂದು ವಾಕ್ಯವನ್ನು ಓದಬಲ್ಲವರು ಎಷ್ಟು ಮಂದಿ ಇದ್ದರೋ! 21ನೇ ವಯಸ್ಸಿನಲ್ಲಿ ಜರ್ಮನ್ ಆಡುವ ಪರದೇಶಿಯಾಗಿ ಕನ್ನಡದ ನಾಡಿಗೆ ಬಂದವರು 60ನೇ ವಯಸ್ಸಿನಲ್ಲಿ ಕನ್ನಡ ತುಂಬಿದ ತಲೆಯಿಂದ ಜರ್ಮನರ ನಾಡಿಗೆ ತಿರಿಗಿ ಹೋದರು. ಟ್ಯೂಬಿಂಗನ್ ಅವರ ಹುಟ್ಟೂರೂ ಅಲ್ಲ. ಪೂರ್ವ ಫ್ರೀಸಿಯದಿಂದ ಬಹು ದೂರದಲ್ಲಿ, ದೇಶದ ತೆಂಕಣ ಭಾಗದಲ್ಲಿದೆ. ಅಲ್ಲಿಯೂ ಅವರು ಕನ್ನಡವನ್ನು ಬಿಡಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಕೂಡಿಸಿದ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದು ಮಂಗಳೂರಿಗೆ ಅಚ್ಚಿಗೆ ಕಳುಹಿಸಿದರು. ಅದು 1903ರಲ್ಲಿ ಹೊರಟಿತು. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ಟ್ಯೂಬಿಂಗನ್ನಿನಲ್ಲಿ ಅವರು ತೀರಿಹೋದರು.

ಅವರ ಹಿಂದೆ ಇಲ್ಲಿ ಉಳಿದ ಜರ್ಮನರ ಗತಿಯು ಬೇರೆಯಾಯಿತು. 1914ರಲ್ಲಿ ಯುದ್ಧವು ಹತ್ತಿದ ಕೂಡಲೇ ಸರಕಾರದವರು ಅವರನ್ನು ಶತ್ರುದೇಶದವರೆಂದು ಎಣಿಸಿದರು. ಕೆಲವರನ್ನು ಅಹಮದನಗರದಲ್ಲಿ ಕಾವಲಲ್ಲಿಟ್ಟು ಆಮೇಲೆ ಹಡಗಿಗೆ ಹತ್ತಿಸಿದರು. ವರ್ಷಗಟ್ಟಲೆ ಒಂದೇ ಊರಿನಲ್ಲಿದ್ದವರಿಗೂ ಕಾಗದದಲ್ಲಿ ಬರೆದ ದೇಶದ ಹೆಸರೇ ಕಡೆಗೆ ನಿಂತಿತು. ಕಿಟೆಲರ ನಿಘಂಟು ಮಾತ್ರ ಇಲ್ಲಿಯೇ ಉಳಿಯಿತು. ಮದ್ರಾಸು ವಿಶ್ವವಿದ್ಯಾಲಯದವರು ಎಂ. ಮರಿಯಪ್ಪ ಭಟ್ಟರಿಂದ ಅದನ್ನು ತಿದ್ದಿಸಿ ಹೆಚ್ಚಿಸಿ 1968ರಿಂದ ನಾಲ್ಕು ಸಂಪುಟಗಳಲ್ಲಿ ಪುನಃ ಅಚ್ಚು ಮಾಡಿಸಿದರು. ನಮ್ಮ ವಾಚಕರಲ್ಲಿ ಯಾರಾದರೂ ಧಾರವಾಡಕ್ಕೆ ಹೋದಾಗ ಒಳ್ಳೇ ಪುಸ್ತಕಾಲಯದಲ್ಲಿ ಅದನ್ನು ಕೇಳಿ ತೆರೆದು, ತಮ್ಮ ಅಜ್ಜಿ ಆಡುತ್ತಿದ್ದ ಒಂದು ಮಾತನ್ನು ಹುಡುಕಿ ನೋಡಲಿ.